ಮಾವನ ಓಟು

ಮಾರ್ಚ್ 30, ಶನಿವಾರ

ಈ ಡೈರಿಯನ್ನು ಹೊಸ ವರ್ಷಕ್ಕೆ ನಮ್ಮ ಯಜಮಾನರ ಪಕ್ಷದವರು ಕೊಟ್ಟಿದ್ದರು. ಮೂರು ತಿಂಗಳಿಂದ ಬೀರುವಿನ ಮೇಲೆ ಬಿದ್ದಿತ್ತು. ರಟ್ಟಿನ ಮೇಲೆ ಅವರ ತಾಲ್ಲೂಕು ಲೀಡರ್ ಕೈಮುಗಿದುಕೊಂಡು ನಗುತ್ತಿದ್ದಾರೆ. ಅವರ ಎದುರಿಗೆ ಮನಸ್ಸಿನ ಮಾತು ಬರೆಯಲು ನಾಚಿಕೆಯಾಗಿ ಹಳೆಯ ಕ್ಯಾಲೆಂಡರ್ ಹಾಳೆಯಿಂದ ಬೈಂಡ್ ಹಾಕಿದೆ. ನಂಜನಗೂಡಿನ ಗಾರ್ಮೆಂಟ್ಸಿಗೆ ರಜೆ ಹಾಕಿ ಮನೆಯಲ್ಲಿ ಕೂತು ತಿಂಗಳ ಮೇಲಾಯಿತು. ಅಲ್ಲಿ ಮಿಷನ್ನಿನ ಸದ್ದಿನ ನಡುವೆಯೂ ಪಕ್ಕದವಳ ಜೊತೆ ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ. ಇಲ್ಲಿ ಮಾವ, ನಾನು, ಒಂದು ಮೇಕೆ. ಅದಕ್ಕೇ ಬರೆಯುವ ಚಟ ಹಿಡಿದಿರಬೇಕು.

ಮಾವನಿಗೆ ಫೆಬ್ರವರಿಯಲ್ಲಿ ಲಕ್ವ ಹೊಡೆಯಿತು. ಬಲಗೈ ಪೂರ್ತಿ ಬಿದ್ದುಹೋಗಿದೆ, ಎಡಗೈ ನಡುಗುತ್ತದೆ. ಕಣ್ಣಿಗೆ ಮೊದಲೇ ಪೊರೆ ಬಂದಿತ್ತು. ಮಾತು ದಿನಕ್ಕೆ ನಾಲ್ಕೈದು, ಅದೂ ಅರ್ಧರ್ಧ. ಬುದ್ಧಿ ಮಾತ್ರ ನೆಟ್ಟಗಿದೆ. ಸಾರಿಗೆ ಉಪ್ಪು ಕಮ್ಮಿಯಾದರೆ ನನ್ನನ್ನು ನೋಡುವ ನೋಟದಲ್ಲೇ ಗೊತ್ತಾಗುತ್ತದೆ.

ಇವತ್ತು ಮತದಾರರ ಪಟ್ಟಿ ನೋಡಿಕೊಳ್ಳುವ ಮೇಡಂ ಬಂದಿದ್ದರು. ಎಂಬತ್ತೈದು ದಾಟಿದವರ ಮನೆಗೇ ಬಂದು ಓಟು ಹಾಕಿಸಿಕೊಂಡು ಹೋಗುತ್ತಾರಂತೆ. ಮಾವ ಕೇಳಿಸಿಕೊಂಡು ತಲೆಯಾಡಿಸಿಬಿಟ್ಟರು. "ನಡ್ದು... ನಡ್ದೋಯ್ತೀನಿ" ಎಂದರು. ಬಚ್ಚಲಿಗೆ ಹೋಗಲು ನನ್ನ ಹೆಗಲು ಬೇಕು, ಸ್ಕೂಲಿನ ಬೂತಿಗೆ ಮಾವ ನಡೆದು ಹೋಗುತ್ತಾರಂತೆ! ಇವರು ಸಮಾಧಾನ ಮಾಡಿದರು. "ಸುಮ್ನಿರಪ್ಪ, ನಿನ್ನ ಅಲ್ಲೀಗಂಟ ಒತ್ಕೊಂಡೋಗಾಕಾದದಾ? ಮನೆಗೇ ಬತ್ತಾರೆ. ಮಾರಾಜನಂಗೆ ಕೂತ್ಕಂಡೇ ಓಟಾಕು." ಎಡಗೈ ಹೆಬ್ಬೆಟ್ಟು ಹಿಡಿದು ಅರ್ಜಿಗೆ ಒತ್ತಿಸಿದರು. ಮಾವ ಮುಖ ಗೋಡೆಗೆ ತಿರುಗಿಸಿಕೊಂಡರು.

ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಇವರು ಹೇಳಿದ್ದು ಬೇರೆ. "ಅಪ್ಪನ ಕೈ ಆಡಾಕಿಲ್ಲ, ಕಣ್ಣು ಕಾಣಾಕಿಲ್ಲ. ಸಹಾಯಕ್ಕೆ ಒಬ್ರು ಇರ್ಬೋದಂತೆ. ನಾನೇ ಕೂತ್ಕಂಡು ಆಕಿಸ್ತೀನಿ." ಅದರಲ್ಲಿ ತಪ್ಪೇನಿದೆ, ಮಗನಲ್ಲದೆ ಇನ್ಯಾರು ಕೂರಬೇಕು ಎಂದೆ.

ಏಪ್ರಿಲ್ 4, ಗುರುವಾರ

ಓಟು ಹತ್ತಿರ ಬರುತ್ತಿದೆ, ಕೇರಿಯ ಜನ ಮಾವನನ್ನು ನೋಡಲು ಬರುತ್ತಿದ್ದಾರೆ. ಆರೋಗ್ಯ ವಿಚಾರಿಸುವುದು ನೆಪ. ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಉಚ್ಚಯ್ಯಣ್ಣ, ಈ ಸಲ ಯಾವ್ದು?" ಎಂದು ಮೆಲ್ಲಗೆ ಕೇಳುತ್ತಾರೆ. ಅರವತ್ತು ವರ್ಷದಿಂದ ಮಾವ ಕೊಡುತ್ತಿದ್ದದ್ದು ಒಂದೇ ಉತ್ತರ, "ನಿನ್ ಬೆಳ್ಳು ನಿಂದು." ಈಗ ಅದನ್ನೂ ಹೇಳುವ ಶಕ್ತಿಯಿಲ್ಲ, ಎಡಗೈ ತೋರುಬೆರಳು ಎತ್ತಿ ತೋರಿಸುತ್ತಾರೆ. ಆದರೂ ಜನ ಅವರ ಮುಖ ನೋಡಿ ಏನೋ ಊಹೆ ಮಾಡಿಕೊಂಡು ಹೋಗುತ್ತಾರೆ. ನಮ್ಮ ಮಾವ ಹುಚ್ಚಯ್ಯ ಎತ್ತ ಎಂದು ಗೊತ್ತಾದರೆ ನಮ್ಮ ಕೇರಿ ಮುಕ್ಕಾಲುಪಾಲು ಅತ್ತ. ಅದಕ್ಕೇ ಎಲ್ಲ ಪಕ್ಷದವರಿಗೂ ಮಾವನ ಮೇಲೆ ಕಣ್ಣು.

ಕೈಕಾಲು ಚೆನ್ನಾಗಿದ್ದಾಗ ಮಾವ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಪಕ್ಷಗಳ ಕಥೆ ಹೇಳುವುದನ್ನು ಕೇಳಬೇಕಿತ್ತು. ಜೋಡೆತ್ತಿನ ಗುರುತು ಹೋಗಿ ಹಸು-ಕರು ಬಂದದ್ದು, ಆ ಪಕ್ಷ ಒಡೆದಾಗ ಕವಲಂದೆ ಸಂತೆಯಲ್ಲಿ ಅಣ್ಣತಮ್ಮಂದಿರೇ ಹೊಡೆದಾಡಿಕೊಂಡದ್ದು, ನೇಗಿಲು ಹೊತ್ತ ರೈತ ಬಂದಾಗ ಊರಿಗೆ ಊರೇ ಕುಣಿದದ್ದು, ಆಮೇಲೆ ಚಕ್ರ, ಆಮೇಲೆ ಚಕ್ರವೂ ಚೂರಾದದ್ದು. ಒಂದೊಂದು ಪಕ್ಷಕ್ಕೂ ಒಂದೊಂದು ಬೈಗುಳ, ಒಂದೊಂದು ಹೊಗಳಿಕೆ. "ನಮ್ದು ಮೀಸಲು ಕ್ಷೇತ್ರ, ನಿಲ್ಲೋರೆಲ್ಲ ನಮ್ಮೋರೇ. ಗೆಲ್ಸೋ ಲೆಕ್ಕ ಮಾತ್ರ ಬ್ಯಾರೆಯವರ ಜಗಲಿ ಮ್ಯಾಲೆ ನಡೀತದೆ" ಎಂದು ನಗುತ್ತಿದ್ದರು. ಇಷ್ಟೆಲ್ಲ ಹೇಳುವವರು ತಾವು ಯಾವುದಕ್ಕೆ ಹಾಕಿದರೆಂದು ಒಂದು ಸಲವೂ ಬಾಯಿ ಬಿಟ್ಟವರಲ್ಲ.

ಅದು ಯಾಕೆಂದು ಅತ್ತೆ ಮಂಗಳಮ್ಮ ನನಗೆ ಹೇಳಿದ್ದರು. ಅವರು ಹೋಗಿ ಆರು ವರ್ಷವಾಯಿತು. ಮಾವ ಮೊದಲ ಓಟು ಹಾಕುವಾಗ ಊರ ಗೌಡರ ಮನೆಯಲ್ಲಿ ಜೀತಕ್ಕಿದ್ದರು. ಓಟಿಗೆ ಮುಂಚೆ ತಗಡೂರು ಕಡೆಯ ಖಾದಿ ಉಟ್ಟ ಗಾಂಧಿವಾದಿಯೊಬ್ಬರು ಕೇರಿಗೆ ಬಂದು, ಓಟು ಎಂದರೆ ಗುಟ್ಟು, ದೇವರಿಗೂ ಹೇಳಬೇಕಾಗಿಲ್ಲ ಎಂದು ಹೇಳಿಹೋಗಿದ್ದರಂತೆ. ಓಟು ಮುಗಿದ ಸಂಜೆ ಗೌಡರು ಜಗಲಿಯ ಮೇಲೆ ಕೂತು ಕೇರಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಯಾವುದಕ್ಕೆ ಮುದ್ರೆ ಒತ್ತಿದೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಹೇಳಿದರು. ಮಾವ ಮಾತ್ರ, "ಅದ ಏಳಾಕಿಲ್ಲ ಬುದ್ಧಿ" ಎಂದರು. ಅವತ್ತೇ ಜೀತ ಹೋಯಿತು, ಗುಡಿಸಲೂ ಹೋಯಿತು. ಕಬಿನಿ ನಾಲೆ ಅಗೆಯುವ ಕೂಲಿಗೆ ಹೋದರು. "ಗೌಡ್ರು ಏಳಿದ್ದ ಗುರ್ತಿಗೇ ಒತ್ತಿದ್ರೋ ಏನೋ, ಯಾರ್ಗೊತ್ತು? ಇಷ್ಟೊರ್ಸ ಸಂಸಾರ ಮಾಡಿವ್ನಿ, ನಂಗೂ ಏಳ್ನಿಲ್ಲ ಕನವ್ವ" ಎಂದು ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು.

ಸಂಜೆ ಊಟಕ್ಕೆ ಬಡಿಸುತ್ತಾ ಇವತ್ತು ಯಾರ್ಯಾರು ಬಂದಿದ್ದರು, ಏನೇನು ಕೇಳಿದರು ಎಂದು ಇವರಿಗೆ ಒಪ್ಪಿಸಿದೆ. ಇದು ಮದುವೆಯಾದಾಗಿನಿಂದ ನಡೆದುಬಂದದ್ದು. ಇವರು ಉಂಡಾದ ಮೇಲೆ ನಾನು ಉಣ್ಣುವುದು, ಇವರು ಉಣ್ಣುವಾಗ ನಾನು ಹೇಳುವುದು. ಓಟು ಹಾಕಿ ಬಂದ ದಿನವೂ ಅಷ್ಟೆ. "ಒತ್ತಿದ್ಯಾ?" ಎನ್ನುತ್ತಾರೆ, "ಒತ್ತಿದೆ" ಎನ್ನುತ್ತೇನೆ. ಯಾವುದು ಎಂಬ ಮಾತೇ ಬರುವುದಿಲ್ಲ, ಅದು ಇವರು ಬೆಳಿಗ್ಗೆ ಹೇಳಿ ಕಳಿಸಿದ್ದೇ ಆಗಿರುತ್ತದೆ.

ಏಪ್ರಿಲ್ 14, ಭಾನುವಾರ

ಬಾಬಾಸಾಹೇಬರ ಜಯಂತಿ. ಚುನಾವಣೆಯ ನೀತಿಸಂಹಿತೆ ಎಂದು ಮೈಕಿಲ್ಲ, ಮೆರವಣಿಗೆಯಿಲ್ಲ. ಕೇರಿಯ ಭವನದಲ್ಲಿ ಬುದ್ಧವಂದನೆ ಮಾಡಿ, ಫೋಟೋಗೆ ಹೂವು ಹಾಕಿ, ಪಾಯಸ ಹಂಚಿದೆವು. ಮಾವನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದೆವು. ಬಿಳಿ ಅಂಗಿ ಹಾಕಿ ಗಡ್ಡ ಕೆರೆಸಿದ್ದಕ್ಕೆ ಹತ್ತು ವರ್ಷ ಚಿಕ್ಕವರಾಗಿ ಕಂಡರು.

ಮಧ್ಯಾಹ್ನ ಇವರ ಲೀಡರ್ ಹೂವಿನ ಹಾರ ಹಿಡಿದು ಬಂದರು. ಹಾರ ಹಾಕಿದ್ದು ಒಂದು ನಿಮಿಷ, ಇವರನ್ನು ಪಕ್ಕಕ್ಕೆ ಕರೆದು ಮಾತಾಡಿದ್ದು ಅರ್ಧ ಗಂಟೆ. ನಾನು ಪಾಯಸದ ಲೋಟ ಕೊಡಲು ಹೋದಾಗ ಕೇಳಿಸಿತು. "ಕೇರಿ ನಿಮ್ಮಪ್ಪನ ಕೈಲದೆ ಅಂತೀಯ. ನಿಮ್ಮಪ್ಪ ನಿನ್ ಕೈಲವ್ರಾ? ಅದ ಏಳು ಮೊದ್ಲು."

"ನಾಳೆ ಮನೆಗೆ ಬತ್ತಾರೆ, ನಾನೇ ಕೂತು ಆಕಿಸ್ತೀನಿ ಸಾ."

"ಆಕ್ಸಿ ಸುಮ್ನಾಗ್ಬೇಡ. ನಿಮ್ಮಪ್ಪ ಆಕುದ್ರು ಅಂತ ಕೇರಿಗೆ ಗೊತ್ತಾಗ್ಬೇಕು. ಊರೋರ ಓಟಿಗೆ ಇನ್ನೂ ಹನ್ನೆರಡ್ ದಿನ ಅದೆ. ಸಂತೆಮರಳ್ಳೀಲಿ ಹಿಂದೆ ಒಬ್ರು ಒಂದೇ ಓಟ್ನಲ್ಲಿ ಸೋತಿದ್ದು ಮರ್ತೋಯ್ತಾ? ತಾಲ್ಲೂಕ್ ಪಂಚಾಯ್ತಿ ಟಿಕೆಟ್ ಬೇಕು ಅಂದ್ರೆ ಸುಮ್ನೆ ಬತ್ತದಾ?"

ಇವರು ಹಳೆಯ ಪಕ್ಷ ಬಿಟ್ಟು ಈ ಪಕ್ಷಕ್ಕೆ ಬಂದು ಎರಡು ವರ್ಷ. ಬ್ಯಾನರು ಕಟ್ಟಿದ್ದಾರೆ, ಜನ ಕರೆತಂದಿದ್ದಾರೆ, ಲೀಡರ್ ಮಗಳ ಮದುವೆಯಲ್ಲಿ ಮೂರು ದಿನ ಬಡಿಸಿದ್ದಾರೆ. ಒಂದು ಟಿಕೆಟ್ ಸಿಕ್ಕರೆ ತಾನೂ ಒಬ್ಬ ಮನುಷ್ಯನಾದೆ ಎಂಬ ಆಸೆ ಇವರಿಗೆ. ಅದು ನನಗೂ ಇದೆ, ಸುಳ್ಳು ಯಾಕೆ ಹೇಳಲಿ.

ಏಪ್ರಿಲ್ 15, ಸೋಮವಾರ

ಹನ್ನೊಂದರ ಹೊತ್ತಿಗೆ ಜೀಪು ಬಂತು. ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸು, ವಿಡಿಯೋ ತೆಗೆಯುವವರು. ಅದರ ಹಿಂದೆಯೇ ಎರಡು ಪಕ್ಷದ ಏಜೆಂಟರು, ಅವರ ಹಿಂದೆ ಅರ್ಧ ಕೇರಿ. ಎಲ್ಲರನ್ನೂ ಬಾಗಿಲಿನಾಚೆ ನಿಲ್ಲಿಸಿದರು. ನಡುಮನೆಯಲ್ಲಿ ಮೇಜು ಇಟ್ಟು, ಮೇಲೆ ಮೂರು ಕಡೆ ಮರೆಯಾಗುವ ರಟ್ಟು ಇಟ್ಟರು. ನಮ್ಮ ಮನೆ ಅಷ್ಟು ಹೊತ್ತು ಕಚೇರಿಯಾಯಿತು. ನನ್ನ ಒಗೆದ ಬಟ್ಟೆಯ ರಾಶಿ ಮಾತ್ರ ಮೂಲೆಯಲ್ಲಿ ಹಾಗೇ ಇತ್ತು, ವಿಡಿಯೋದಲ್ಲಿ ಬಿದ್ದಿರುತ್ತದೆ.

ಹಿರಿಯ ಮೇಡಂ ಮಾವನ ಕೈ ಪರೀಕ್ಷೆ ಮಾಡಿ, "ಅಜ್ಜ, ನಿಮಗೆ ಸಹಾಯಕ್ಕೆ ಒಬ್ಬರನ್ನು ಇಟ್ಟುಕೊಳ್ಳಬಹುದು. ಯಾರು ಬೇಕು?" ಎಂದರು.

ಇವರು ಆಗಲೇ ಅಂಗಿಯ ತೋಳು ಮಡಿಸಿಕೊಂಡು ಮುಂದೆ ಬಂದಿದ್ದರು. "ನಾನೇ ಮಗ ಮೇಡಂ."

"ನಾನು ಅವರನ್ನು ಕೇಳಿದ್ದು."

ಮಾವ ಮಗನ ಕಡೆ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ತಲೆಯಾಡಿಸಿ, "ಬ್ಯಾ... ಬ್ಯಾಡ" ಎಂದರು. ಎಡಗೈ ಎತ್ತಿ, ನಡುಗುತ್ತಾ, ನನ್ನ ಕಡೆ ತೋರಿಸಿದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವರ ಮುಖ ಕೆಂಪಾಯಿತು. "ಅಪ್ಪಂಗೆ ಸರಿಯಾಗಿ ಕಾಣಾಕಿಲ್ಲ ಮೇಡಂ, ನನ್ನೇ ತೋರ್ಸದು" ಎಂದರು. ಮೇಡಂ ಇನ್ನೊಮ್ಮೆ ಕೇಳಿದರು. ಮಾವ ಈ ಸಲ ನನ್ನ ಹೆಸರನ್ನೇ ಹೇಳಿದರು, "ರೋ... ಜಾ." ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಬಂದದ್ದು ಇದೇ ಮೊದಲು.

ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು. "ಅವರು ಯಾರಿಗೆ ಹಾಕಿದರು ಎನ್ನುವುದನ್ನು ಯಾರಿಗೂ ಹೇಳುವಂತಿಲ್ಲ. ಮನೆಯವರಿಗೂ ಹೇಳುವಂತಿಲ್ಲ. ಗೊತ್ತಾಯ್ತಲ್ಲಮ್ಮ?" ಎಂದರು. ಗೊತ್ತಾಯಿತು ಎಂದೆ. ಆಗ ಏನು ಕೇಳಿದ್ದರೂ ಗೊತ್ತಾಯಿತು ಎನ್ನುತ್ತಿದ್ದೆ.

ರಟ್ಟಿನ ಮರೆಯಲ್ಲಿ ನಾವಿಬ್ಬರೇ. ಮಾವನ ಕಣ್ಣಿಗೆ ಗುರುತು ಕಾಣುವುದಿಲ್ಲ. ಅವರ ಕಿವಿಗೆ ಬಾಯಿಟ್ಟು ಮೇಲಿನಿಂದ ಒಂದೊಂದೇ ಹೆಸರು, ಗುರುತು ಪಿಸುಗುಟ್ಟುತ್ತಾ ಬಂದೆ. ಅವರ ಎಡಗೈ ನನ್ನ ಮಣಿಕಟ್ಟಿನ ಮೇಲಿತ್ತು. ಒಂದು ಹೆಸರಿಗೆ ಬಂದಾಗ ಆ ಕೈ ನಡುಗುವುದು ನಿಂತು ಗಟ್ಟಿಯಾಗಿ ಹಿಡಿಯಿತು. ನಂಬಿಕೆಯಾಗದೆ ಮತ್ತೆ ಮೊದಲಿನಿಂದ ಓದಿದೆ. ಮತ್ತೆ ಅದೇ ಹೆಸರಿಗೆ ಹಿಡಿಯಿತು. ಪೆನ್ನಿನಲ್ಲಿ ಗುರುತು ಹಾಕಿದೆ, ಮಡಚಿದೆ, ಲಕೋಟೆಗೆ ಹಾಕಿ ಅಂಟಿಸಿದೆ. ನನ್ನ ಮಣಿಕಟ್ಟಿನಲ್ಲಿ ಅವರ ಬೆರಳಿನ ಗುರುತು ಸಂಜೆಯವರೆಗೂ ಇತ್ತು.

ಊಟಕ್ಕೆ ಬಡಿಸುವಾಗ ಇವರು ಏನೂ ಕೇಳದೆ ಕಾದರು. ನಾನೇ ಹೇಳುತ್ತೇನೆಂದು ಕಾದರು, ಅದೇ ರೂಢಿಯಲ್ಲವೇ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮೇಡಂ ಸಹಿ ಹಾಕಿಸಿಕೊಂಡಿದ್ದಾರೆ, ಏನಾದರೂ ಕೇಸಾದರೆ ಎಂದು ಹೆದರಿಕೆ. "ನಾನು ಕಣ್ ಮುಚ್ಕಂಡಿದ್ದೆ ಕಣ್ರಿ" ಎಂದುಬಿಟ್ಟೆ. ಇವರು ತುತ್ತು ಹಿಡಿದುಕೊಂಡೇ ನನ್ನ ಮುಖ ನೋಡಿದರು. ಕಣ್ಣು ಮುಚ್ಚಿಕೊಂಡು ಪೆನ್ನಿನ ಗುರುತು ಹಾಕುವವರು ಯಾರಿದ್ದಾರೆ? ಸುಳ್ಳು ಹೇಳಲೂ ಅಭ್ಯಾಸ ಬೇಕು.

ಯಾವ ಹೆಸರು ಎಂದು ಇಲ್ಲೂ ಬರೆಯುವುದಿಲ್ಲ. ಬರೆದರೆ ನಾನೇ ಓದಿಕೊಂಡು ನಾಳೆ ಬಾಯಿ ಬಿಡುತ್ತೇನೆ.

ಏಪ್ರಿಲ್ 16, ಮಂಗಳವಾರ

"ಯಾವ್ದಕ್ಕಾಕ್ದ?" ಇವರು ಕೇಳಿದ್ದು ಇವತ್ತು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಫೋನಿನಲ್ಲಿ ಒಂದು ಸಲ, ಸಂಜೆ ಒಂದು ಸಲ. ನಾಳೆ ಹೇಳಿಬಿಡುತ್ತೇನೆ. ಗಂಡನಿಗೆ ಹೇಳಿದರೆ ಯಾವ ಪೊಲೀಸು ಬರುತ್ತಾನೆ?

ಏಪ್ರಿಲ್ 17, ಬುಧವಾರ

ಹೇಳಲಿಲ್ಲ.

ಬೆಳಿಗ್ಗೆ ಹೇಳುವವಳೇ ಇದ್ದೆ. ಅಷ್ಟರಲ್ಲಿ ಹೆಂಗಸರ ಸಂಘದ ಜವರಮ್ಮ ಬಂದಳು. ಅವಳು ಇವರು ಬಿಟ್ಟುಬಂದ ಹಳೆಯ ಪಕ್ಷದ ಪರ ಓಡಾಡುತ್ತಿದ್ದಾಳೆ. ಮಾವನಿಗೆಂದು ಎಳನೀರು ತಂದಿದ್ದಳು, ಮಾವನನ್ನು ನೋಡದೆ ನೇರ ಅಡುಗೆಮನೆಗೇ ಬಂದಳು.

"ಬಾಯ್ಬುಟ್ಟು ಏಳ್ಬೇಡ ಕನ ರೋಜಾ, ಸಹಿ ಆಕಿದ್ದಿ. ನಮ್ ಗುರ್ತಿಗಾ ಅಂತ ನಾನು ಕೇಳ್ತೀನಿ, ಅಲ್ಲ ಅಂದ್ರೆ ತಲೆ ಆಡ್ಸು. ಔದು ಅಂದ್ರೆ ಸುಮ್ನೆ ನಿಂತ್ಕೊ, ಅಷ್ಟೇಯ."

ನಾನು ಒಲೆಯ ಕಡೆ ತಿರುಗಿ ರಾಗಿ ಹಿಟ್ಟು ತೊಳಸತೊಡಗಿದೆ. ಮುದ್ದೆ ಕೋಲು ಬಿಡದೆ ತಿರುಗಿಸುತ್ತಿದ್ದರೆ ತಲೆ, ಮೈ ಎಲ್ಲವೂ ಅಲ್ಲಾಡುತ್ತದೆ, ಯಾವುದಕ್ಕೆ ಏನು ಅರ್ಥ ಎಂದು ಅವಳೇ ಲೆಕ್ಕ ಹಾಕಿಕೊಳ್ಳಲಿ. ಅವಳು ಎರಡು ಸಲ ಕೇಳಿ, ಬೆವರು ಒರೆಸಿಕೊಂಡು, "ನೀನು ಸಾಮಾನ್ಯದವಳಲ್ಲ ಬುಡು" ಎಂದು ಹೋದಳು. ನಗು ಬಂತು. ಆಮೇಲೆ ಯೋಚನೆಯಾಯಿತು. ಅವಳಿಗೂ ಬೇಕು, ಇವರಿಗೂ ಬೇಕು. ಕೈಕಾಲು ಬಿದ್ದ ಮುದುಕನ ಹತ್ತಿರ ಇರುವುದು ಅದೊಂದೇ, ಅದರ ಮೇಲೆ ಎಲ್ಲರ ಕಣ್ಣು. ನನಗೆ ಮಾವನ ಮೇಲೆ ಅಷ್ಟು ಮರುಕ ಎಂದೂ ಬಂದಿರಲಿಲ್ಲ.

ಏಪ್ರಿಲ್ 19, ಶುಕ್ರವಾರ

ಇವರು ಮಾತು ಬಿಟ್ಟಿದ್ದಾರೆ. ತಟ್ಟೆ ಇಟ್ಟರೆ ತಳ್ಳುತ್ತಾರೆ. ಮಾವನ ಕೋಣೆಗೆ ಹೋಗುವುದಿಲ್ಲ, ಬಾಗಿಲಲ್ಲೇ ನಿಂತು, "ಸೊಂತ ಮಗನ್ನ ನಂಬ್ದೋನು" ಎಂದು ಗೊಣಗಿ ಹೋಗುತ್ತಾರೆ. ಮಾವ ಕೇಳಿಸಿಕೊಂಡು ಕಣ್ಣು ಮುಚ್ಚುತ್ತಾರೆ.

ಸಂಜೆ ಬಾಯಿ ತೆರೆದರು. "ಒಂದೇ ಮಾತು ಕನಮ್ಮಿ. ನಮ್ದೋ, ಅಲ್ವೋ?"

"ಏಳಾಕಾಗಲ್ಲ."

"ಯಾರ್ಗೆ ಎದ್ರಿಕತೀಯ? ಆ ಮೇಡಂಗಾ?"

ಅಲ್ಲ ಎಂದೆ. ಹಾಗಾದರೆ ಯಾರಿಗೆ ಎಂದರು. ನಾನು ನೀರಿನ ಚೊಂಬು ತಂದು ಇವರ ಮುಂದೆ ಇಟ್ಟೆ. ಇಪ್ಪತ್ತು ವರ್ಷದಲ್ಲಿ ಇವರು ನನ್ನ ಮೇಲೆ ಕೈ ಎತ್ತಿದವರಲ್ಲ, ಇವತ್ತು ಎತ್ತಬಹುದು ಅನ್ನಿಸಿತು. ಎತ್ತಲಿಲ್ಲ. ಚೊಂಬು ಒದ್ದು ಹೊರಗೆ ಹೋದರು. ನೀರು ಒರೆಸಿ, ಹಸಿವಾಗಿತ್ತು, ಊಟ ಮಾಡಿದೆ.

ಏಪ್ರಿಲ್ 21, ಭಾನುವಾರ

ಭವನದ ಮುಂದೆ ಇವರ ಪಕ್ಷದ ಸಭೆಯಿತ್ತು. ಪರ್ಮಿಷನ್ ತೆಗೆದುಕೊಂಡು ಮೈಕು ಹಾಕಿದ್ದರು. ಲೀಡರ್ ಕುರ್ಚಿಯಲ್ಲಿ, ನಾವು ಹೆಂಗಸರು ಜಮಖಾನದ ಮೇಲೆ. ನಾನು ಬರುವುದಿಲ್ಲ ಎಂದಿದ್ದೆ, ಮನೆಯ ಹೆಂಗಸೇ ಇಲ್ಲದಿದ್ದರೆ ಹೇಗೆ ಎಂದು ಇವರು ಬಲವಂತದಿಂದ ಕರೆತಂದಿದ್ದರು. ಅದು ಯಾಕೆಂದು ಆಮೇಲೆ ಗೊತ್ತಾಯಿತು.

ಇವರು ಚೆನ್ನಾಗಿ ಮಾತಾಡುತ್ತಾರೆ. ರಸ್ತೆ, ಚರಂಡಿ, ಮನೆ ಎಲ್ಲ ಹೇಳಿದ ಮೇಲೆ ದನಿ ತಗ್ಗಿಸಿದರು. "ನಮ್ಮಪ್ಪ ಉಚ್ಚಯ್ಯನವ್ರು ನಿಮ್ಗೆಲ್ಲ ಗೊತ್ತು. ಅರವತ್ ವರ್ಷ ಯಾರ್ಗೂ ಏಳ್ದೋರಲ್ಲ. ಈ ಸಲ ನಮ್ ಗುರ್ತಿಗೇ ಆಕವ್ರೆ. ಗುರ್ತಾಕಿದ್ದು ನನ್ ಹೆಂಡ್ತಿ. ಇಲ್ಲೇ ಅವ್ಳೆ, ಬೇಕಾದ್ರೆ ಕೇಳಿ!"

ಚಪ್ಪಾಳೆ. ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಲೀಡರ್ ನಗುತ್ತಾ, "ಏಳಮ್ಮ, ಎದ್ದು ನಿಂತು ಔದು ಅಂತ ಒಂದ್ ಮಾತೇಳು" ಎಂದರು. ಜವರಮ್ಮ ದೂರದಲ್ಲಿ ಗೋಡೆಗೆ ಒರಗಿ ನೋಡುತ್ತಿದ್ದಳು.

ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಇವರಿಗೆ ಟಿಕೆಟ್, ಮನೆಯಲ್ಲಿ ಶಾಂತಿ. ಎದ್ದು ನಿಂತೆ. ಯಾರೋ ಮೈಕು ತಂದು ಕೈಗಿಟ್ಟರು. ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಸ್ಕೂಲಿನಲ್ಲಿ ಪದ್ಯ ಒಪ್ಪಿಸಿದಾಗ, ಅಷ್ಟೆ.

"ನಮ್ ಮಾವ ಯಾರ್ಗಾಕುದ್ರೋ ಅದು ಅವರ್ದು. ಯಾರಾದ್ರೂ ಏಳುದ್ರೆ ನಂಬಬೇಡಿ. ನಾನು ಏಳುದ್ರೂ ನಂಬಬೇಡಿ."

ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ನಾನು ಸೆರಗು ಹೊದ್ದು ನಡೆದು ಮನೆಗೆ ಬಂದೆ. ಹಿಂದೆ ಏನಾಯಿತೋ ಗೊತ್ತಿಲ್ಲ. ಮಾವನ ಕೋಣೆಗೆ ಹೋಗಿ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮೈಕಿನಲ್ಲಿ ಅವರಿಗೂ ಎಲ್ಲ ಕೇಳಿಸಿತ್ತು. ಎಡಗೈ ಚಾಚಿ ನನ್ನ ತಲೆಯ ಮೇಲೆ ಇಟ್ಟರು, ಅದು ಅಲ್ಲೇ ನಡುಗುತ್ತಿತ್ತು.

ಏಪ್ರಿಲ್ 22, ಸೋಮವಾರ, ತಿ. ನರಸೀಪುರ

ಇವರು ಬೆಳಿಗ್ಗೆಯೇ ಗೂಡ್ಸ್ ಆಟೋ ತಂದು ಬಾಗಿಲಿಗೆ ನಿಲ್ಲಿಸಿದರು. "ಅಪ್ಪನ್ನ ಕರ್ಕಂಡು ಕೋಮಲನ್ ಮನ್ಗೆ ಓಗು. ನಿಂಗೆ ಏಳ್ಬೇಕು ಅನ್ನಿಸ್ದಾಗ ವಾಪಸ್ ಬಾ. ಅಲ್ಲೀಗಂಟ ಈ ಮನೆ ಕಡೆ ತಲೆ ಆಕ್ಬೇಡ." ಕೂಗಾಡಲಿಲ್ಲ, ಮೆಲ್ಲಗೇ ಹೇಳಿದರು. ಅದಕ್ಕೇ ಹೆಚ್ಚು ಭಯವಾಯಿತು.

ಆಟೋದ ಹಿಂದೆ ಹಾಸಿಗೆ ಹಾಸಿ ಮಾವನನ್ನು ಮಲಗಿಸಿಕೊಂಡು ಹದಿನಾರು ಊರಿನ ಮೇಲೆ ಹಾದು ಬಂದೆವು. ಬಿಸಿಲು, ಧೂಳು. ಛತ್ರಿ ಹಿಡಿದು ಹಿಡಿದು ನನ್ನ ತೋಳು ಸೋತುಹೋಯಿತು. ನಾದಿನಿ ಕೋಮಲ ಬಾಗಿಲಲ್ಲೇ ಕಾಯುತ್ತಿದ್ದಳು. ಅಪ್ಪನನ್ನು ನೋಡಿ ಅತ್ತಳು, ಅಣ್ಣನಿಗೆ ಬೈದಳು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನಂಗಾರು ಏಳು ಅತ್ತಿಗೆ, ಯಾವ್ದಕ್ಕಾಕ್ದ ಅಪ್ಪ?" ಎಂದಳು! ನಾನು ಅವಳ ಮುಖ ನೋಡಿದೆ. ಅವಳಿಗೇ ನಾಚಿಕೆಯಾಗಿ ನೀರು ತರಲು ಹೋದಳು.

ಏಪ್ರಿಲ್ 24, ಬುಧವಾರ

ಕೋಮಲನ ಮನೆಯ ಹಿತ್ತಿಲಿಂದ ಸಂಗಮದ ಕಡೆಯ ಗಾಳಿ ಬರುತ್ತದೆ. ಮಾವ ಬೇವಿನ ಮರದ ಕೆಳಗೆ ಮಂಚದ ಮೇಲೆ ಮಲಗುತ್ತಾರೆ. ಇವತ್ತು ಇಡ್ಲಿ ಎರಡು ತಿಂದರು. ನನಗೇ ನಿದ್ದೆಯಿಲ್ಲ. ಇವರು ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಮೇಕೆಗೆ ಯಾರು ಸೊಪ್ಪು ಹಾಕುತ್ತಾರೋ.

ಒಂದು ಮಾತು ಬರೆಯಬೇಕು. ಅವತ್ತೇ ನಿಜ ಹೇಳಿಬಿಟ್ಟಿದ್ದರೆ ಇವರು ನನ್ನನ್ನು ಹೊತ್ತು ಮೆರೆಸುತ್ತಿದ್ದರೋ, ಇಲ್ಲ ಅವತ್ತೇ ಮನೆಯಿಂದ ಆಚೆ ಹಾಕುತ್ತಿದ್ದರೋ, ಅದು ನನಗೊಬ್ಬಳಿಗೇ ಗೊತ್ತು. ಅದನ್ನೂ ಬರೆಯುವುದಿಲ್ಲ. ಮಾವ ಹೇಳದಿದ್ದದ್ದು ಗೌಡರಿಗೆ ಹೆದರಿಯಲ್ಲ, ಗೌಡರ ಮೇಲಿನ ಹಟಕ್ಕೂ ಅಲ್ಲ ಅನ್ನಿಸುತ್ತಿದೆ. ಒಂದು ವಸ್ತು ನನ್ನದು ಎಂದು ಗೊತ್ತಾಗಬೇಕಾದರೆ ಅದನ್ನು ಬೇರೆಯವರಿಗೆ ತೋರಿಸದೆ ಇಟ್ಟುಕೊಳ್ಳಬೇಕಾಗುತ್ತದೆ. ನನ್ನ ಹತ್ತಿರ ಅಂಥದ್ದು ಯಾವುದಿತ್ತು ಎಂದು ಇವತ್ತೆಲ್ಲ ಹುಡುಕಿದೆ, ಸಿಕ್ಕಲಿಲ್ಲ.

ಏಪ್ರಿಲ್ 26, ಶುಕ್ರವಾರ

ಇವತ್ತಿನ ಓಟು ನನ್ನ ಊರಿನಲ್ಲೇ ಹಾಕಬೇಕಲ್ಲ. ತಲೆ ಹಾಕಬೇಡ ಎಂದದ್ದು ಮನೆಗೆ, ಸ್ಕೂಲಿಗಲ್ಲ. ಮಾವನನ್ನು ಕೋಮಲನಿಗೆ ಒಪ್ಪಿಸಿ ಮೊದಲ ಬಸ್ಸಿಗೇ ನಂಜನಗೂಡಿಗೆ ಬಂದು, ಅಲ್ಲಿಂದ ಕವಲಂದೆ ಬಸ್ಸು ಹಿಡಿದೆ.

ಬೂತಿನಿಂದ ಸ್ವಲ್ಪ ದೂರದಲ್ಲಿ ಪಕ್ಷಗಳ ಮೇಜುಗಳು. ಇವರ ಪಕ್ಷದ ಮೇಜಿನಲ್ಲಿ ಬೇರೆ ಯಾರೋ ಕೂತು ಚೀಟಿ ಬರೆದುಕೊಡುತ್ತಿದ್ದರು, ನಮ್ಮ ಕೇರಿಯವರಲ್ಲ, ಮೇಲಿನ ಬೀದಿಯವರು. ಎರಡು ವರ್ಷದಿಂದ ಬ್ಯಾನರು ಕಟ್ಟಿದ ಮನುಷ್ಯ ಹುಣಸೆ ಮರದ ಕೆಳಗೆ ಒಬ್ಬನೇ ನಿಂತಿದ್ದ. ಬಿಳಿ ಅಂಗಿ ಇಸ್ತ್ರಿಯಿಲ್ಲದೆ ಮುದುರಿಕೊಂಡಿತ್ತು. ನನ್ನನ್ನು ನೋಡಿದ, ನಾನೂ ನೋಡಿದೆ. ಹೋಗಿ ಸಾಲಿನಲ್ಲಿ ನಿಂತೆ.

ಸಾಲಿನಲ್ಲಿ ಮುಂದೆ ಹಿಂದೆ ಕೇರಿಯ ಹೆಂಗಸರು. ಯಾರೂ ಮಾವನ ವಿಷಯ ಕೇಳಲಿಲ್ಲ. ಮೊನ್ನೆ ಕಿಸಕ್ಕನೆ ನಕ್ಕಿದ್ದ ಮುದುಕಿ, "ನಾ ಯಾವ್ದಕ್ಕೊತ್ತೀನಿ ಅಂತ ನನ್ ಸೊಸೆ ಬೆಳಿಗ್ಗಿಂದ ಕೇಳ್ತಾವ್ಳೆ. ನಾನೂ ಏಳ್ನಿಲ್ಲ ಕನ" ಎಂದು ನನ್ನ ಬೆನ್ನಿಗೆ ತಟ್ಟಿದಳು.

ಮಿಷನ್ನಿನ ಮುಂದೆ ಹೋಗಿ ನಿಂತಾಗ ಗಾಬರಿಯಾಯಿತು. ಯಾವುದಕ್ಕೆ ಒತ್ತಬೇಕೆಂದು ನನಗೆ ಬೆಳಿಗ್ಗೆ ಯಾರೂ ಹೇಳಿ ಕಳಿಸಿರಲಿಲ್ಲ. ಮಾವನಿಗೆ ಓದಿ ಹೇಳಿದ್ದ ಗುರುತುಗಳನ್ನೇ ನನಗೋಸ್ಕರ ನೋಡಿದ್ದು ಇವತ್ತೇ ಮೊದಲು. ಒಂದೊಂದಾಗಿ ಓದಿದೆ. "ಬೇಗ ಒತ್ತಮ್ಮ, ಸಾಲು ಉದ್ದ ಇದೆ" ಎಂದು ಅಧಿಕಾರಿ ಕೂಗಿದರು. "ಇರಿ ಸಾರ್" ಎಂದೆ. ಪೂರ್ತಿ ಓದಿ ಮುಗಿಸಿ ಒತ್ತಿದೆ.

ಏಪ್ರಿಲ್ 27, ಶನಿವಾರ

ಮಧ್ಯಾಹ್ನ ಇವರು ಬಂದರು. ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು, ಕೈಯಲ್ಲಿ ದ್ರಾಕ್ಷಿಯ ಕವರು. ಕೋಮಲ ಮಾತಾಡಿಸಲಿಲ್ಲ. ಮಾವ ನಿದ್ದೆಯಲ್ಲಿದ್ದರು. ಇವರು ಅಡುಗೆಮನೆಯ ಹೊಸಿಲ ಮೇಲೆ ಕೂತರು. ನಾನು ಸೊಪ್ಪು ಬಿಡಿಸುತ್ತಿದ್ದೆ.

"ಮೇಕೆ ಸರ್ಯಾಗಿ ಮೇಯಾಕಿಲ್ಲ" ಎಂದರು. ನಾನು ಹೂಂ ಎಂದೆ.

ಮಿಕ್ಕದ್ದನ್ನೂ ತಾವೇ ಹೇಳಿದರು. ಸಭೆಯ ಮಾರನೇ ದಿನ ಲೀಡರ್ ಎಲ್ಲರ ಎದುರಿಗೇ, "ಸೊಂತ ಮನೆ ಓಟು ಯಾವ್ದು ಅಂತ ಗೊತ್ತಿಲ್ದೋನು ಬೂತ್ ಓಟು ಏನ್ ತತ್ತಾನೆ? ಏಜೆಂಟ್ ಪಾಸ್ ವಾಪಸ್ ಕೊಡು" ಎಂದರಂತೆ. ಅಷ್ಟಕ್ಕೇ ನಿಲ್ಲಿಸಲಿಲ್ಲವಂತೆ. "ನಿಮ್ ಕೇರಿಯೋರೇ ಇಷ್ಟು" ಎಂದೂ ಅಂದರಂತೆ. ಅದನ್ನು ಹೇಳುವಾಗ ಇವರು ದ್ರಾಕ್ಷಿಯ ಕವರಿನ ಗಂಟು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದರು. ಕೋಪವೆಲ್ಲ ಎಲ್ಲಿ ಹೋಯಿತೋ, ನನಗೆ ಇವರ ತಲೆ ಸವರಬೇಕು ಅನ್ನಿಸಿತು. ಸೊಪ್ಪಿನ ಕೈ, ಸುಮ್ಮನಿದ್ದೆ.

"ಮನ್ಗೆ ಓಗೋಣ ನಡಿ, ಅಪ್ಪನ್ನೂ ಕರ್ಕಂಡು. ಆಟೋ ಏಳಿವ್ನಿ."

"ನಾನಿನ್ನೂ ಏಳಾಕಿಲ್ಲ ಅಂತೀನಲ್ಲ."

"ಕೇಳ್ದೋರ್ಯಾರು?"

ಆಮೇಲೆ ಇವರು ಹೊರಗೆ ಒಂದು ಸಲ ನೋಡಿ, ಕೋಮಲ ದೂರದಲ್ಲಿದ್ದಾಳೆಂದು ಗೊತ್ತು ಮಾಡಿಕೊಂಡು, ನನ್ನ ಹತ್ತಿರಕ್ಕೆ ಸರಿದರು. ಮುಖದಲ್ಲಿ ಒಂದು ಥರ ಹೆದರಿಕೆ, ಒಂದು ಥರ ಖುಷಿ. ಮದುವೆಯಾದ ಹೊಸದರಲ್ಲಿ ಹೀಗೆ ಹತ್ತಿರ ಬರುತ್ತಿದ್ದರು.

"ರೋಜಾ, ನಿನ್ನೆ ನಾನು ಒಳಗೋಗಿ ನಿಂತ್ಕಂಡಾಗ ಏನಾಯ್ತು ಗೊತ್ತಾ? ನಾನು ಯಾವ್ದಕ್ಕೊತ್ತಿದೆ ಅಂದ್ರೆ..."

"ಏಳ್ಬೇಡಿ" ಎಂದೆ.

"ನಿಂಗೂ ಏಳ್ಬಾರ್ದಾ?"

"ನಂಗೂ ಬ್ಯಾಡ."

ಇವರು ನನ್ನನ್ನೇ ನೋಡಿದರು. ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ದ್ರಾಕ್ಷಿಯ ಕವರು ನನ್ನ ಪಕ್ಕ ಇಟ್ಟು, ಒಂದು ಗೊಂಚಲು ತೊಳೆದುಕೊಂಡು ಹಿತ್ತಿಲಿಗೆ ಹೋದರು. ಮಾವನಿಗೆ ಎಚ್ಚರವಾಗಿತ್ತು. ಮಂಚದ ಪಕ್ಕ ನೆಲದ ಮೇಲೆ ಕೂತು ಇವರು ಒಂದೊಂದೇ ಹಣ್ಣು ಬಿಡಿಸಿ ಅಪ್ಪನ ಬಾಯಿಗೆ ಇಟ್ಟರು. ನಾನು ಸೊಪ್ಪು ಬಿಡಿಸಿ ಮುಗಿಸುವವರೆಗೂ ಕಿಟಕಿಯಿಂದ ನೋಡುತ್ತಿದ್ದೆ. ಇವರು ಏನೂ ಕೇಳಲಿಲ್ಲ.